ಬಣ್ಣದಲ್ಲೇ ರಾಜಕೀಯ ಇತ್ತಲ್ಲ, ಸ್ವಾಮಿ!

ಓದುಗರ ಪತ್ರ: ಚಾರ್ಲ್ಸ್ ಹೀಫಿ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ನ್ಯೂಜಿಲೆಂಡಿಗೆ ಹೋಗಿ ಅಷ್ಟು ಚೆಂದದ ಚಿತ್ರ ಬರೆದವರು ಪಾರ್ಲಿಮೆಂಟಿಗೆ ಹೋಗಿ ಕೆಟ್ಟರಲ್ಲ! ಕಲಾವಿದರು ರಾಜಕೀಯದ ಸಹವಾಸ ಮಾಡಬಾರದು, ಅಲ್ವಾ? (ಶಿವಮೊಗ್ಗದ ಓದುಗರು)

ಸಂಪಾದಕರ ಉತ್ತರ: ಕುರ್ಚಿ ಸಿಕ್ಕ ಮೇಲೆ ಕುಂಚ ಮರೆತವರು ಇದ್ದಾರೆ, ಒಪ್ಪಿದೆ. ಚಿತ್ರಗಳೂ ಚೆಂದವೇ. ಆದರೆ ಹೀಫಿ ಪಾರ್ನೆಲ್ ಕ್ಷೇತ್ರದ ಸದಸ್ಯರಾಗಿದ್ದದ್ದು 1867ರಿಂದ 1869ರವರೆಗೆ ಮಾತ್ರ. ಅಷ್ಟರಲ್ಲಿ ಕೆಡಲು ಏನು ಉಳಿದಿತ್ತು?

ಶುರುವಿನಿಂದ ನೋಡಿ. ಲಂಡನ್ನಿನ ಚಿತ್ರಕಾರರ ಮಗ, 1839ರಲ್ಲಿ ಟೋರಿ ಹಡಗು ಹತ್ತಿದ್ದೇ ನ್ಯೂಜಿಲೆಂಡ್ ಕಂಪನಿಯ ನೌಕರನಾಗಿ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ನೆಲ ಕೊಂಡು ಇಂಗ್ಲೆಂಡಿನವರಿಗೆ ಮಾರುವುದು ಆ ಕಂಪನಿಯ ವ್ಯಾಪಾರ. ನೆಲ ಕೈಗೆ ಬರುವ ಮೊದಲೇ ಲಂಡನ್ನಿನಲ್ಲಿ ಕೂತು ಮಾರಿಬಿಟ್ಟಿತ್ತು! ಕಣ್ಣಲ್ಲಿ ಕಾಣದ ಊರಿಗೆ ಜನ ದುಡ್ಡು ಕಟ್ಟಬೇಕಾದರೆ ಚಿತ್ರ ಬೇಕು, ಅದನ್ನು ಹೀಫಿ ಕೊಟ್ಟರು. 1840ರಲ್ಲಿ ಬರೆದ ಎಗ್ಮಂಟ್ ಬೆಟ್ಟವನ್ನೇ ನೋಡಿ, ಮಾವೊರಿಗಳ ತರನಾಕಿ ಅದು. ಇರುವುದಕ್ಕಿಂತ ಕಡಿದಾಗಿ, ಎರಡೂ ಬದಿ ಸಮವಾಗಿ ನಿಂತಿದೆ. ನಮ್ಮ ಲೇಔಟ್ ಮಾರುವವರ ಬಣ್ಣದ ಕರಪತ್ರದ ಹಾಗೆ. ಅಷ್ಟಕ್ಕೇ ನಿಲ್ಲದೆ ಆ ದೇಶದ ಬಗ್ಗೆ 1842ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೂ ತಂದರು. ಆಮೇಲೆ ಕಂಪನಿಯ ಖರೀದಿಗಳನ್ನು ತನಿಖೆ ಮಾಡಲು ಬಂದ ಬ್ರಿಟಿಷ್ ಸರ್ಕಾರದ ಕಮಿಷನರ್ ವಿಲಿಯಂ ಸ್ಪೇನ್, ವೆಲಿಂಗ್ಟನ್ ಖರೀದಿಯಲ್ಲೇ ದೋಷ ಕಂಡು ಮಾವೊರಿಗಳಿಗೆ ಇನ್ನೂ ಹಣ ಕೊಡಬೇಕು ಎಂದರು.

ಧೈರ್ಯವಂತರು ನಿಜ. 1864ರಲ್ಲಿ ಬ್ರಿಟಿಷರು ಮಾವೊರಿಗಳ ಮೇಲೆ ನಡೆಸಿದ ಯುದ್ಧದಲ್ಲಿ ಗಾಯಗೊಂಡ ಸಿಪಾಯಿಯ ನೆರವಿಗೆ ಗುಂಡಿನ ನಡುವೆ ನುಗ್ಗಿದ್ದಕ್ಕೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ಯುದ್ಧದಲ್ಲಿ ಮಾವೊರಿಗಳಿಂದ ಕಿತ್ತುಕೊಂಡ ವೈಕಾಟೊ ನೆಲವನ್ನು ಸರ್ವೆ ಮಾಡಿದವರೂ ಇವರೇ. ಈ ರಾಜಕೀಯಕ್ಕೆ ಮತ ಕೇಳಬೇಕಾಗಿರಲಿಲ್ಲ, ನೋಡಿ.

ನನಗೆ ಆಪ್ತನಾಗಿ ಕಾಣುವವನು ಕೆಹು. 1846ರಲ್ಲಿ ಹೀಫಿ ಮತ್ತು ಸರ್ವೆಯರ್ ಥಾಮಸ್ ಬ್ರನ್ನರ್ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಗೆ ನಡೆದು ಹೋದಾಗ ದಾರಿ ತೋರಿಸಿದ ಮಾವೊರಿ ಅವನು. ಕಾಡಿನಲ್ಲಿ ಊಟ ಹುಟ್ಟಿಸುವುದೂ ಅವನಿಗೇ ಗೊತ್ತು. ನಿಮ್ಮ ಪತ್ರದಲ್ಲಿ ಅವನ ಹೆಸರಿಲ್ಲ, ಸ್ವಾಮಿ. ನಮ್ಮ ಕಲಾ ಲೇಖಕರೂ ಅಷ್ಟೇ. ಬಣ್ಣ, ಬೆಳಕು, ನೆರಳು ಎಂದು ಎರಡು ಪುಟ ಹೊಗಳುತ್ತಾರೆ, ಚಿತ್ರ ಬರೆಸಿದವರು ಯಾರು, ಚಿತ್ರದ ನೆಲ ಯಾರದು ಎಂದು ಒಂದು ಸಾಲೂ ಬರೆಯುವುದಿಲ್ಲ. ಕೇಳಿದರೆ ‘ಅದು ಕಲೆಯ ವಿಷಯವಲ್ಲ ಸರ್’ ಅಂತಾರೆ. ನೀವು ಶ್ರದ್ಧೆಯಿಂದ ಓದುವವರು, ಅದಕ್ಕೇ ಇಷ್ಟು ಗೊಣಗಿದೆ. ಕೆಹು ಬಗ್ಗೆ ಓದಿ ಬರೆಯಿರಿ, ಪುಟ ನಾನು ಕೊಡುತ್ತೇನೆ.