ಕಂಟ್ರೋಲರ್ ಎರರ್ ಎಂದರೆ ಮದರ್‌ಬೋರ್ಡ್ ಹೋಯಿತೆಂದಲ್ಲ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಆಗಾಗ ಅರ್ಧ ನಿಮಿಷ ಅಲ್ಲಾಡದೆ ನಿಂತು, ಆಮೇಲೆ ತಾನಾಗಿ ಸರಿಹೋಗುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಹಾರ್ಡ್‌ಡಿಸ್ಕ್1, ಡಿಆರ್1’ರಲ್ಲಿ ಕಂಟ್ರೋಲರ್ ಎರರ್ ಎಂದು ಕೆಂಪು ಗುರುತು ಬಂದಿದೆ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಿ ಅನ್ನುತ್ತಾರೆ. ಬೇಕೇ ಬೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗಲೇ ಬೇಡ. ಇದು ಈವೆಂಟ್ ಐಡಿ 11. ಹೆಸರು ಕಂಟ್ರೋಲರ್‌ನದ್ದಾದರೂ, ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತು ಎಲ್ಲೋ ತಪ್ಪುತ್ತಿದೆ ಎಂದಷ್ಟೇ ಅರ್ಥ. ಆ ದಾರಿಯಲ್ಲಿ ಸಾಟಾ ಕೇಬಲ್ (ಡಿಸ್ಕನ್ನು ಬೋರ್ಡಿಗೆ ಸೇರಿಸುವ ದತ್ತಾಂಶದ ತಂತಿ), ಪವರ್ ಕನೆಕ್ಟರ್, ಪೋರ್ಟ್, ಡಿಸ್ಕಿನ ಅಡಿಯ ಸರ್ಕ್ಯೂಟ್ ಬೋರ್ಡ್ ಎಲ್ಲವೂ ಇವೆ. ಅಗ್ಗದ್ದು ಕೇಬಲ್, ಅಲ್ಲಿಂದಲೇ ಶುರು ಮಾಡಿ.

ಮೊದಲು ಯಾವ ಡಿಸ್ಕ್ ಎಂದು ಗೊತ್ತಾಗಬೇಕು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ‘ಡಿಸ್ಕ್ 1’ ಯಾವುದೆಂದು ನೋಡಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಅದು ಎರಡನೆಯ ಡಿಸ್ಕ್. ದೋಷದ ಸಾಲಿನಲ್ಲಿ ಡಿಆರ್ ಮುಂದಿನ ಸಂಖ್ಯೆ 6, 9 ಎಂದು ಏರಿದ್ದರೆ ಅದು ಬಹುಶಃ ಇಜೆಕ್ಟ್ ಮಾಡದೆ ಕಿತ್ತ ಪೆನ್‌ಡ್ರೈವ್, ತಲೆಕೆಡಿಸಿಕೊಳ್ಳಬೇಡಿ.

ಮುಂದೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಸಿ7 ಸಾಲು ನೋಡಿ. ಕೇಬಲ್ಲಿನಲ್ಲಿ ಹಾದುಹೋಗುವಾಗ ಕೆಟ್ಟ ದತ್ತಾಂಶದ ಲೆಕ್ಕ ಅಲ್ಲಿರುತ್ತದೆ. ಅಂಕಿ ಹೆಕ್ಸಾಡೆಸಿಮಲ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಇರುತ್ತದೆ: ಕೊನೆಯಲ್ಲಿ 1ಎ4 ಎಂದಿದ್ದರೆ 420 ಸಲ. ಈ ಲೆಕ್ಕ ಏರುವುದೇ ಹೊರತು ಇಳಿಯುವುದಿಲ್ಲ, ಹಾಗಾಗಿ ಹಳೆಯ ಅಂಕಿಗೆ ಹೆದರಬೇಕಿಲ್ಲ. ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಅದೇ ಪೋರ್ಟಿಗೆ ಹೊಸ ಕೇಬಲ್ ಹಾಕಿ. ಲೋಹದ ಕ್ಲಿಪ್ ಇರುವುದನ್ನೇ ಕೊಳ್ಳಿ, ಒಂದು ಮೀಟರಿಗಿಂತ ಉದ್ದದ್ದು ಬೇಡ, ಮಡಚಿ ರಬ್ಬರ್‌ಬ್ಯಾಂಡ್ ಬಿಗಿಯಬೇಡಿ. ನಂತರ 20–30 ಜಿಬಿ ಫೈಲುಗಳನ್ನು ಆ ಡಿಸ್ಕಿಗೆ ನಕಲು ಮಾಡಿ ಸಿ7 ನೋಡಿ. ಅಂಕಿ ನಿಂತಲ್ಲೇ ನಿಂತು, ಈವೆಂಟ್ 11 ಮತ್ತೆ ಬಾರದಿದ್ದರೆ ಹಳೆಯ ಕೇಬಲ್ಲನ್ನು ಕತ್ತರಿಸಿ ಬಿಸಾಡಿ. ಇಲ್ಲದಿದ್ದರೆ ಅದು ಇನ್ನೊಂದು ಕಂಪ್ಯೂಟರಿಗೆ ಹೋಗಿ ಸೇರುತ್ತದೆ.

ಸಿ7 ಅಂಕಿ ಏರಿದರೆ ಪೋರ್ಟ್ ಬದಲಿಸಿ. ಆಮೇಲೆ ಪವರ್: ಒಂದು ತಂತಿಯನ್ನು ಎರಡಾಗಿಸುವ ಸ್ಪ್ಲಿಟರ್ ಇದ್ದರೆ ತೆಗೆದು ಎಸ್‌ಎಂಪಿಎಸ್‌ನ (ವಿದ್ಯುತ್ ಕೊಡುವ ಪೆಟ್ಟಿಗೆಯ) ಬೇರೆ ತಂತಿ ಕೊಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಯಾವ ಪೋರ್ಟಿಗೆ ಹಾಕಿದರೂ ದೋಷ ಡಿಸ್ಕಿನ ಬೆನ್ನುಹತ್ತಿದರೆ ಡಿಸ್ಕ್ ಕೆಟ್ಟಿದೆ. ಬೇರೆ ಡಿಸ್ಕ್, ಬೇರೆ ಕೇಬಲ್ ಹಾಕಿದರೂ ಅದೇ ಪೋರ್ಟಿನಲ್ಲಿ 11 ಬಂದರೆ ಮಾತ್ರ ರಿಪೇರಿಯವರ ಮಾತು ನಿಜ.

ಈವೆಂಟ್ 7 (ಡಿಸ್ಕಿನಲ್ಲಿ ಕೆಟ್ಟ ಜಾಗ ಸಿಕ್ಕಿದೆ ಎಂಬ ದೂರು) ಕೂಡ ಕಂಡರೆ, ಅಥವಾ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳನ್ನು (ಡಿಸ್ಕಿನ ಚಿಕ್ಕ ತುಣುಕುಗಳನ್ನು) ಎಣಿಸುವ ಸಿ5 ಸಾಲು ಏರುತ್ತಿದ್ದರೆ ಕಾಯಿಲೆ ಬೇರೆ. ಡಿಸ್ಕಿನ ತಟ್ಟೆಯೇ ಸವೆದಿದೆ. ಮೊದಲು ಬ್ಯಾಕಪ್. ಆತುರಕ್ಕೆ ವಿಂಡೋಸ್‌ನ ಡಿಸ್ಕ್ ತಪಾಸಣೆ ಸಾಧನ ಚೆಕ್‌ಡಿಸ್ಕ್ ಓಡಿಸಬೇಡಿ: ಸಾಯುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ದುಡಿಸುತ್ತದೆ, ಕೇಬಲ್ ಕೆಟ್ಟಿದ್ದರೆ ‘ರಿಪೇರಿ’ಯನ್ನೂ ಅದೇ ಕೆಟ್ಟ ದಾರಿಯಲ್ಲಿ ಬರೆಯುತ್ತದೆ.

ಪ್ರಶ್ನೆ: ಉಬುಂಟು ಲಾಗ್‌ನಲ್ಲಿ ‘ಎಟಿಎ3: ಹಾರ್ಡ್ ರಿಸೆಟಿಂಗ್ ಲಿಂಕ್’ ಎಂದು ಸಾಲುಸಾಲಾಗಿ ಬರುತ್ತಿದೆ. ಡಿಸ್ಕ್ ಸತ್ತಿತೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಡಿಸ್ಕಿನ ಸಂಪರ್ಕವನ್ನು ಮತ್ತೆ ಶುರುಮಾಡುತ್ತಿದ್ದೇನೆ ಎನ್ನುವ ಆ ಸಾಲು ಬರೀ ಪರಿಣಾಮ. ಅದಕ್ಕಿಂತ ಮೇಲಿನ ‘ಎರರ್’ ಸಾಲಿನ ಆವರಣದೊಳಗೆ ಏನಿದೆ ನೋಡಿ. ಐಸಿಆರ್‌ಸಿ ಎಂದಿದ್ದರೆ ಕೇಬಲ್ ದಾರಿಯ ದೋಷ, ಮೇಲಿನ ಉತ್ತರವೇ ನಿಮಗೂ. ಯುಎನ್‌ಸಿ ಎಂದಿದ್ದರೆ ಆ ಸೆಕ್ಟರ್ ಓದಲಾಗುತ್ತಿಲ್ಲ. ಬ್ಯಾಕಪ್ ತೆಗೆದು ಡಿಸ್ಕ್ ಬದಲಿಸಿ. ಎರಡೂ ಇಲ್ಲದೆ ‘ಟೈಮ್‌ಔಟ್’ ಮಾತ್ರ ಇದ್ದರೆ ಮೊದಲು ಪವರ್ ಕನೆಕ್ಟರ್ ಒತ್ತಿ ನೋಡಿ, ಕಂಪ್ಯೂಟರ್ ಆರಿಸಿದ ಮೇಲೆ.

ದೋಷ ಮರುಕಳಿಸಿದಾಗ ಕರ್ನಲ್ (ಉಬುಂಟುವಿನ ತಿರುಳು) ಲಿಂಕ್ ವೇಗವನ್ನು 6ರಿಂದ 3ಕ್ಕೆ, ಕೊನೆಗೆ 1.5 ಜಿಬಿಪಿಎಸ್‌ಗೆ ಇಳಿಸುತ್ತದೆ. ಆಮೇಲೆ ಲಾಗ್ ತೆಪ್ಪಗಾದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ರೀಬೂಟ್ ಮಾಡಿದರೆ ವೇಗವೂ ಮರಳುತ್ತದೆ, ದೋಷವೂ ಮರಳುತ್ತದೆ.