ಹಾಲ್‌ಸ್ಯಾಂಡ್ಸ್‌ನ ದಂಡೆ ಎಲ್ಲಿ ಹೋಯಿತು?

ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹಾಲ್‌ಸ್ಯಾಂಡ್ಸ್ ಊರಿನ ಪಾಳು ಗೋಡೆಗಳ ಚಿತ್ರ ಹಾಕಿ, ‘ಒಂದೇ ರಾತ್ರಿಯಲ್ಲಿ ಕಡಲು ನುಂಗಿದ ಹಳ್ಳಿ’ ಎಂದು ಬರೆದಿದ್ದೀರಿ. ಅಲೆಗಳ ಬಾಯಿಗೇ ಮನೆ ಕಟ್ಟಿಕೊಂಡರೆ ಇನ್ನೇನಾಗುತ್ತದೆ? ಅಷ್ಟು ವರ್ಷ ಆ ಊರು ಉಳಿದದ್ದೇ ಆಶ್ಚರ್ಯ.
– ಕರಾವಳಿಯ ಒಬ್ಬ ಓದುಗ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿದ ಮೇಲೆ ನಮ್ಮ ಅಡಿಬರಹವನ್ನು ಮತ್ತೆ ನೋಡಿದೆ. ಓದೋಕೆ ಚೆನ್ನಾಗಿದೆ, ಆದರೆ ತಪ್ಪು. ಬರೆದದ್ದು ನಾನೇ.

ಅಷ್ಟು ವರ್ಷ ಉಳಿದದ್ದು ಹೇಗೆ ಅಂದಿರಲ್ಲ, ಗುಟ್ಟು ಇರುವುದೇ ಅಲ್ಲಿ. ಹಾಲ್‌ಸ್ಯಾಂಡ್ಸ್ ಇದ್ದದ್ದು ಡೆವನ್ ಸೀಮೆಯ ದಕ್ಷಿಣ ತೀರದಲ್ಲಿ. ಹಿಂದೆ ಕಡಿದಾದ ಬಂಡೆ, ಮುಂದೆ ಕಡಲು, ನಡುವೆ 37 ಮನೆಗಳು, ಒಂದು ಹೆಂಡದಂಗಡಿ. ನಮ್ಮಲ್ಲಾಗಿದ್ದರೆ ಊರು ಅನ್ನುತ್ತಿರಲಿಲ್ಲ, ಮಜರೆ ಅನ್ನುತ್ತಿದ್ದೆವು. ಮೀನು, ಏಡಿ ಹಿಡಿದು ಬದುಕುವ ಜನ. ಮನೆಗಳಿಗೂ ಅಲೆಗಳಿಗೂ ನಡುವೆ ಉರುಟು ಕಲ್ಲುಗಳ ಅಗಲವಾದ ದಂಡೆ ಇತ್ತು. ಎಂಥ ಅಲೆ ಬಂದರೂ ಅದರ ಮೇಲೆ ಹತ್ತುವಷ್ಟರಲ್ಲಿ ಸುಸ್ತಾಗುತ್ತಿತ್ತು. ಊರಿಗೆ ಅದೇ ಕೋಟೆ.

1897ರಲ್ಲಿ ಆ ಕೋಟೆಗೆ ಕೈ ಹಾಕಿದರು. ಪ್ಲಿಮತ್ ಬಳಿಯ ಕೀಹ್ಯಾಮ್‌ನಲ್ಲಿ ನೌಕಾಪಡೆಯ ಹಡಗುಕಟ್ಟೆ ದೊಡ್ಡದಾಗುತ್ತಿತ್ತು. ಕಾಂಕ್ರೀಟಿಗೆ ಜಲ್ಲಿ, ಮರಳು ಬೇಕು. ಗುತ್ತಿಗೆದಾರ ಸರ್ ಜಾನ್ ಜಾಕ್ಸನ್‌ಗೆ ಸರ್ಕಾರದ ಪರವಾನಗಿ ಸಿಕ್ಕಿತು. ಊರಿನ ಮುಂದಿನ ಕಡಲಿಂದ ದಿನಕ್ಕೆ 1,600 ಟನ್‌ವರೆಗೂ ಎತ್ತಿದರು. ಒಟ್ಟು ಸುಮಾರು 6,50,000 ಟನ್. ಮೀನುಗಾರರು ಗಲಾಟೆ ಮಾಡಿದರು, ವಿಚಾರಣೆಯೂ ನಡೆಯಿತು. ‘ಅಂಥ ಅಪಾಯವೇನಿಲ್ಲ’ ಅಂತ ತೀರ್ಮಾನ. ತೆಗೆದಷ್ಟನ್ನು ಕಡಲೇ ಮತ್ತೆ ತಂದು ಹಾಕುತ್ತದೆ ಎಂಬ ನಂಬಿಕೆ ಬೇರೆ! ಆದರೆ ಆ ಕಲ್ಲುರಾಶಿ ಹಿಮಯುಗ ಮುಗಿದಾಗ, ಸಾವಿರಾರು ವರ್ಷಗಳ ಹಿಂದೆ ಬಂದು ಕೂತದ್ದು. ಹೊಸದಾಗಿ ಬರುವಂಥದ್ದಲ್ಲ. ಬ್ಯಾಂಕಿನಲ್ಲಿಟ್ಟ ಇಡುಗಂಟನ್ನು ತಿಂಗಳ ಸಂಬಳ ಅಂದುಕೊಂಡು ಖರ್ಚು ಮಾಡಿದ ಹಾಗಾಯಿತು.

1900ರ ಹೊತ್ತಿಗೆ ದಂಡೆ ಕುಸಿಯುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಅದೇ ವರ್ಷ ಬಿರುಗಾಳಿಗೆ ತಡೆಗೋಡೆಯ ಒಂದು ಭಾಗ ಕೊಚ್ಚಿಹೋಯಿತು. ಊರವರು ತಮ್ಮ ಸಂಸದನಿಗೆ ಅರ್ಜಿ ಕೊಟ್ಟರು. ಸರ್ಕಾರದ ತಪಾಸಣಾಧಿಕಾರಿಯೇ ಬಂದು ನೋಡಿ, ನಿಲ್ಲಿಸಿ ಅಂದ. 1902ರ ಜನವರಿಯಲ್ಲಿ ಪರವಾನಗಿ ರದ್ದಾಯಿತು. ಆಮೇಲೆ ಗೋಡೆಗಳನ್ನೂ ಕಟ್ಟಿದರು. ಆದರೆ ಹೋದ ದಂಡೆ ಹೋಯಿತು.

1917ರ ಜನವರಿ 26. ಪೂರ್ವದ ಬಿರುಗಾಳಿ, ಜೊತೆಗೆ ಭಾರಿ ಉಬ್ಬರ. ಗೋಡೆಗಳು ಒಡೆದವು, ಮನೆಗಳು ಒಂದೊಂದಾಗಿ ಉರುಳಿದವು. ಯಾರೂ ಸಾಯಲಿಲ್ಲ ಅನ್ನೋದೇ ದೊಡ್ಡ ಮಾತು. ಆ ವರ್ಷ ಮುಗಿಯುವಾಗ ವಾಸಕ್ಕೆ ಉಳಿದದ್ದು ಒಂದೇ ಮನೆ. ಪರಿಹಾರಕ್ಕಾಗಿ ಊರವರು ಏಳು ವರ್ಷ ಓಡಾಡಿದರು. ಉಳಿದ ಆ ಒಂದು ಮನೆಯಲ್ಲಿ ಎಲಿಜಬೆತ್ ಪ್ರೆಟ್ಟಿಜಾನ್ ಎಂಬಾಕೆ 1964ರಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಊರೇ ಹೋದರೂ ಊರು ಬಿಡದ ಹೆಂಗಸು.

ಹಾಗಾಗಿ ಅವರು ಅಲೆಯ ಬಾಯಿಗೆ ಮನೆ ಕಟ್ಟಿಕೊಂಡಿರಲಿಲ್ಲ ಸ್ವಾಮಿ. ಅಲೆಯನ್ನು ಮನೆಬಾಗಿಲಿಗೆ ತಂದವರು ಬೇರೆ. ಹಳೆ ಸಂಚಿಕೆ ಇಟ್ಟುಕೊಂಡಿದ್ದರೆ ಅಡಿಬರಹದಲ್ಲಿ ‘ಒಂದೇ ರಾತ್ರಿಯಲ್ಲಿ’ ಎಂಬುದನ್ನು ಹೊಡೆದುಹಾಕಿ, ‘20 ವರ್ಷಗಳಲ್ಲಿ’ ಎಂದು ಬರೆದುಕೊಳ್ಳಿ. ‘ಕಡಲು’ ಎಂಬುದನ್ನೂ ತಿದ್ದಬೇಕು, ಅಲ್ವಾ?