ಎದುರುಗಡೆ ಸ್ಕೂಲ್ ಬಸ್ ನಿಂತರೆ ನಾವೂ ನಿಲ್ಲಬೇಕಾ? (ನ್ಯೂಜೆರ್ಸಿ)

ಕೆಂಪು ದೀಪ ಹಾಕಿ ನಿಂತ ಸ್ಕೂಲ್ ಬಸ್ಸನ್ನು ಎದುರಿನಿಂದ ದಾಟಿದಾಗ ಅದರ ಡ್ರೈವರ್ ಹಾರ್ನ್ ಹೊಡೆದ, ಯಾಕೆ ಅಂತ ಕೇಳಿ ಬರೆದಿದ್ದೀರಿ. ಅವನು ಹೊಡೆದದ್ದು ಸುಮ್ನೆ ಅಲ್ಲ. ನೀವು ನಡುವಿನ ಹಳದಿ ಗೆರೆಯನ್ನೇ ಡಿವೈಡರ್ ಅಂದುಕೊಂಡಿರಬೇಕು. ಬರೀ ಗೆರೆ ಲೆಕ್ಕಕ್ಕಿಲ್ಲ, ಎರಡೂ ಕಡೆಯವರು ನಿಲ್ಲಲೇಬೇಕು.

ಇನ್ನು ಮುಂದೆ ಬಸ್ಸಿನ ಹಳದಿ ದೀಪ ಮಿನುಗಿದ ಕೂಡಲೇ ಕಾಲು ಬ್ರೇಕಿಗೆ ಬರಲಿ. ಅಷ್ಟರಲ್ಲಿ ದಾಟಿಬಿಡೋಣ ಅಂತ ವೇಗ ಹೆಚ್ಚಿಸಬೇಡಿ, ಜಾಸ್ತಿ ಜನ ಎಡವುವುದು ಅಲ್ಲೇ. ಕೆಂಪು ಬಂದರೆ ಕನಿಷ್ಠ 25 ಅಡಿ ದೂರದಲ್ಲಿ ನಿಲ್ಲಿಸಿ. ದೀಪ ಆರಿದ ಮೇಲೂ ತಡವಾಗಿ ಓಡಿಬರುವ ಮಗು ಇದೆಯಾ ನೋಡಿಯೇ ಹೊರಡಿ.

ನಡುವೆ ಕಾಂಕ್ರೀಟ್ ಗೋಡೆಯೋ ಹುಲ್ಲಿನ ಪಟ್ಟಿಯೋ ಇತ್ತಾ ಅಂತ ನೀವು ಬರೆದಿಲ್ಲ. ಇದ್ದರೆ ಎದುರು ಬದಿಯವರು ಗಂಟೆಗೆ 10 ಮೈಲಿಗೆ ಇಳಿಸಿ ಸಾಗಬಹುದು. ಪಕ್ಕದ ನ್ಯೂಯಾರ್ಕಿನಲ್ಲಿ ಈ ವಿನಾಯಿತಿಯೂ ಇಲ್ಲ, ಅಲ್ಲಿ ನಿಲ್ಲಿಸಿಬಿಡಿ.